ರೆಡ್‌ಟೇಲ್ ಕ್ಯಾಟ್‌ಫಿಶ್ ತೊಟ್ಟಿಯಲ್ಲಿ ಕೋಯಿ ಮಾಯ, ಮೈಮೇಲೆ ಬಿಳಿ ಗುರುತು – ಜೊತೆಗೆ ಯಾವ ಮೀನು ಬಿಡಬಹುದು?

ತುಮಕೂರು_ತೊಟ್ಟಿ:
ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ 12 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ಸಿಮೆಂಟ್ ತೊಟ್ಟಿ ಇದೆ. ಅದರಲ್ಲಿ ಎರಡಡಿ ಉದ್ದದ ರೆಡ್‌ಟೇಲ್ ಒಂದು, ಗೋಡೆಗೆ ಅಂಟಿಕೊಂಡು ಪಾಚಿ ತಿನ್ನೋ ಸಕ್ಕರ್ ಮೀನು ಎರಡು, ಬಣ್ಣದ ಕೋಯಿ ಮೀನು ಆರು ಇದ್ದವು. ಕೋಯಿ ಒಂದಡಿ ಇದ್ದರೆ ಏನೂ ಆಗಲ್ಲ ಅಂತ ಅಂಗಡಿಯವರು ಹೇಳಿದ್ದರು. ಈಗ ಎರಡು ಕೋಯಿ ರಾತ್ರೋರಾತ್ರಿ ಕಾಣೆಯಾಗಿವೆ. ಸತ್ತು ತೇಲಿಲ್ಲ, ಮೇಲೆ ಬಲೆ ಇರೋದರಿಂದ ಹಾರಿ ಹೋಗಿರೋಕೂ ಸಾಧ್ಯ ಇಲ್ಲ, ಬೆಕ್ಕೂ ಒಳಗೆ ಬರಲ್ಲ. ಅವತ್ತಿನಿಂದ ರೆಡ್‌ಟೇಲ್ ಊಟ ಮುಟ್ಟಿಲ್ಲ, ತಳದಲ್ಲೇ ಮಲಗಿರುತ್ತೆ. ಅದರ ಪಕ್ಕೆ ಮೇಲೆ ರೂಪಾಯಿ ನಾಣ್ಯದಗಲ ಬಿಳಿ ಗುರುತುಗಳು ಬೇರೆ. ಫಂಗಸ್ ಇರಬಹುದು ಅಂತ ಪೊಟ್ಯಾಶಿಯಂ ಪರ್ಮಾಂಗನೇಟ್ ತಂದಿಟ್ಟಿದ್ದೀನಿ. ಉಳಿದ ಕೋಯಿ ತೆಗೆದು ಪಂಗಾಸ್, ಟೈಗರ್ ಶವಲ್‌ನೋಸ್, ಜೈಂಟ್ ಗೌರಾಮಿ, ರೂಪ್‌ಚಂದ್ ಇವುಗಳಲ್ಲಿ ಯಾವುದಾದರೂ ಬಿಡೋಣ ಅಂತಿದ್ದೀನಿ. ಯಾವುದು ಸರಿ?

ಮೀಸೆಮೀನು:
ಸರ್, ಮೊದಲು ಪರ್ಮಾಂಗನೇಟ್ ಪಕ್ಕಕ್ಕಿಡಿ. ರೆಡ್‌ಟೇಲ್‌ಗೆ ಹುರುಪೆ ಇಲ್ಲ, ಹುರುಪೆ ಇರೋ ಮೀನಿಗೆ ಹಾಕೋ ಅಳತೆಯ ಔಷಧಿ ಇದರ ಚರ್ಮವನ್ನೇ ಸುಡಬಹುದು. ಎರಡು ವಿಷಯ ನೋಡಿ ಹೇಳಿ. ಆ ಗುರುತಿನ ಮೇಲೆ ಹತ್ತಿ ಥರ ಎಳೆ ಎದ್ದಿದೆಯಾ, ಇಲ್ಲಾ ನುಣ್ಣಗೆ ಬೋಳಾಗಿದೆಯಾ? ರಾತ್ರಿ ಟಾರ್ಚ್ ಹಾಕಿ ನೋಡಿದರೆ ಸಕ್ಕರ್‌ಗಳು ಎಲ್ಲಿರುತ್ತವೆ?

ತುಮಕೂರು_ತೊಟ್ಟಿ:
ಎಳೆ ಇಲ್ಲ ಸರ್, ಬೋಳು. ಎಲ್ಲಾ ಹೆಚ್ಚುಕಮ್ಮಿ ಒಂದೇ ಅಳತೆ. ನಿನ್ನೆ ರಾತ್ರಿ ನೋಡಿದಾಗ ಒಂದು ಸಕ್ಕರ್ ರೆಡ್‌ಟೇಲ್ ಬೆನ್ನಿಗೇ ಅಂಟಿಕೊಂಡಿತ್ತು!

ಮೀಸೆಮೀನು:
ಹಾಗಾದರೆ ಫಂಗಸ್ ಅಲ್ಲ. ಸಕ್ಕರ್ ಅದರ ಮೈಯ ಲೋಳೆಯನ್ನು ಕೆರೆದು ತಿಂತಾ ಇದೆ. ಗೋಡೆ ಮೇಲಿನ ಪಾಚಿ ಮುಗಿದಾಗ ಮಲಗಿರೋ ದೊಡ್ಡ ಮೀನೇ ಅದಕ್ಕೆ ಸಿಗೋದು. ಇವತ್ತೇ ಎರಡನ್ನೂ ತೆಗೀರಿ. ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಸಕ್ಕರ್ ಹೆದರಿದಾಗ ಬೆನ್ನಿನ ಮತ್ತು ಎದೆಯ ರೆಕ್ಕೆಯ ಮುಳ್ಳುಗಳನ್ನು ನೆಟ್ಟಗೆ ಬಿಗಿಹಿಡಿಯುತ್ತೆ. ರೆಡ್‌ಟೇಲ್ ಅದನ್ನು ನುಂಗೋಕೆ ಹೋದರೆ ಗಂಟಲಲ್ಲಿ ಸಿಕ್ಕಿ ಎರಡೂ ಸಾಯ್ತವೆ. ಮುಳ್ಳಿರೋ ಬೇರೆ ಸಣ್ಣ ಕ್ಯಾಟ್‌ಫಿಶ್‌ಗಳಿಗೂ ಇದೇ ಮಾತು.

ಕೋಯಿ ಎಲ್ಲಿ ಹೋದವು ಅನ್ನೋದು ನಿಮಗೂ ಗೊತ್ತಾಗಿರುತ್ತೆ. ದೊಡ್ಡ ತುತ್ತು ನುಂಗಿದ ಮೇಲೆ ರೆಡ್‌ಟೇಲ್ ಒಂದು ವಾರ ಉಪವಾಸ ಇರೋದು ಮಾಮೂಲು. ಗಾಬರಿಯಾಗಿ ಅದನ್ನು ಹಿಡಿಯೋಕೆ, ಎತ್ತೋಕೆ ಹೋಗಬೇಡಿ, ನುಂಗಿದ್ದನ್ನು ಕಕ್ಕಿಬಿಡುತ್ತೆ, ತೊಟ್ಟಿ ನೀರೂ ಕೆಡುತ್ತೆ.

ಈಗ ಜೊತೆ ಮೀನು. ದಯವಿಟ್ಟು ಉದ್ದ ನೋಡಿ ಆರಿಸಬೇಡಿ, ಹೊಟ್ಟೆಯಿಂದ ಬೆನ್ನಿನವರೆಗೆ ಮೈ ಎಷ್ಟು ಎತ್ತರ ಇದೆ ಅಂತ ನೋಡಿ. ಎರಡಡಿ ರೆಡ್‌ಟೇಲ್‌ನ ಬಾಯಿ ಈ ಮೂಲೆಯಿಂದ ಆ ಮೂಲೆಗೆ ಸುಮಾರು 5–6 ಅಂಗುಲ ಇರುತ್ತೆ. ಅಡಿಯುದ್ದದ ಕೋಯಿಯ ಮೈ ಎತ್ತರ 4 ಅಂಗುಲ ದಾಟೋದಿಲ್ಲ. ಅಷ್ಟಾದರೆ ಸಲೀಸಾಗಿ ಒಳಗೆ ಹೋಗುತ್ತೆ. ನಿಮ್ಮದನ್ನೇ ಅಳೆಯಬೇಕು ಅಂದರೆ ಸಂಜೆ ಊಟಕ್ಕೆ ಅಂಚಿಗೆ ಬಂದಾಗ ನೀರಿನ ಮೇಲೆ ಅಳತೆ ಪಟ್ಟಿ ಹಿಡಿದು ಮೇಲಿನಿಂದ ಫೋಟೋ ತೆಗೀರಿ. ಜೊತೆ ಮೀನಿನ ಎತ್ತರ ಆ ಬಾಯಿಯ ಒಂದೂವರೆಪಟ್ಟು ಇರಲಿ ಅನ್ನೋದು ನನ್ನ ಲೆಕ್ಕ, ಯಾಕೆಂದರೆ ಬಾಯಿ ಬೆಳೀತಾನೇ ಇರುತ್ತೆ. ಅಮೆಜಾನ್, ಒರಿನೊಕೊ ನದಿಗಳ ಈ ಮೀನು ನಾಲ್ಕಡಿ ದಾಟಿ, 40 ಕೆಜಿಗೂ ಮೀರಿ ಬೆಳೆಯುವಂಥದ್ದು.

ಈ ಲೆಕ್ಕದಲ್ಲಿ ನಿಮ್ಮ ಪಟ್ಟಿ ನೋಡಿದರೆ ಪಂಗಾಸ್ ಮೊದಲೇ ಹೋಯ್ತು. ನೀಳ ಮೈ, ನುಣುಪು ಚರ್ಮ. ಸಾಲದ್ದಕ್ಕೆ ಬಲು ಅಂಜುಬುರುಕ, ಬೆಚ್ಚಿದರೆ ಗೋಡೆಗೆ ಮೂತಿ ಜಜ್ಜಿಕೊಳ್ಳುತ್ತೆ. ಟೈಗರ್ ಶವಲ್‌ನೋಸ್ ಕೂಡ ಉದ್ದಕ್ಕಷ್ಟೇ ದೊಡ್ಡದು. ರೆಡ್‌ಟೇಲ್‌ಗಿಂತ ಒಂದು ಗೇಣು ಹಿಂದೆ ಬಿದ್ದರೆ ಅದೇ ಊಟ, ಮುಂದೆ ಹೋದರೆ ಅದೂ ಬೇಟೆಗಾರನೇ. ಮೇಲಾಗಿ ಎರಡಕ್ಕೂ ತಳವೇ ಬೇಕು.

ರೂಪ್‌ಚಂದ್ ನನಗೆ ಇಷ್ಟವಾದ ಜೋಡಿ. ತಟ್ಟೆಯಂಥ ಮೈ, ಉದ್ದದ ಅರ್ಧದಷ್ಟು ಎತ್ತರ, ಓಡಾಡೋದು ಮಧ್ಯದ ನೀರಲ್ಲಿ, ಮೂಲದಲ್ಲಿ ಇದೂ ಅಮೆಜಾನ್ ಕಡೆಯದ್ದೇ. ಆದರೆ ಒಂದೂವರೆ ಅಡಿ ಆಗಿರೋದನ್ನೇ ತನ್ನಿ. ಕೆರೆಯಲ್ಲಿ, ಹೊಂಡದಲ್ಲಿ ಸಾಕುವವರ ಹತ್ತಿರ ಕೇಳಿದರೆ ಜೀವಂತ ಸಿಗುತ್ತೆ. ಕಾಯಿ ಒಡೆಯೋ ಹಲ್ಲಿದೆ, ಹಸಿದರೆ ರೆಡ್‌ಟೇಲ್‌ನ ಮೀಸೆ ಕಚ್ಚುತ್ತೆ. ದಿನಾ ಸೊಪ್ಪು, ತೇಲುವ ಪೆಲೆಟ್ ಬೀಳ್ತಾ ಇರಬೇಕು. ಜೈಂಟ್ ಗೌರಾಮಿಯೂ ಎತ್ತರದ ಮೀನೇ, ಮೇಲೆ ಬಂದು ಗಾಳಿ ಕುಡಿಯೋದರಿಂದ ಕರೆಂಟ್ ಹೋದಾಗಲೂ ತಡೆದುಕೊಳ್ಳುತ್ತೆ. ಆದರೆ ಬೆಳವಣಿಗೆ ನಿಧಾನ, ಹಾಗಾಗಿ ಮರಿ ಬಿಟ್ಟು ಬೆಳೆಸ್ತೀನಿ ಅಂತ ಹೊರಡಬೇಡಿ.

ಹೊಂಡದ_ಹುಡುಗ:
ಗೌರಾಮಿ ತಂದರೆ ಒಂದೇ ಸಾಕು ಸರ್, ಎರಡಿದ್ದರೆ ಒಂದನ್ನೊಂದು ಅಟ್ಟಾಡಿಸ್ತವೆ. ನನ್ನದೊಂದು ಪ್ರಶ್ನೆ: ರೆಡ್‌ಟೇಲ್‌ಗೆ ಹೊಟ್ಟೆ ತುಂಬ ಹಾಕ್ತಾ ಇದ್ದರೆ ಜೊತೆ ಮೀನಿನ ತಂಟೆಗೆ ಹೋಗಲ್ಲ ಅಂತಾರಲ್ಲ?

ಮೀಸೆಮೀನು:
ಅದನ್ನು ನಂಬಬೇಡಿ. ತುಂಬಿದ ಹೊಟ್ಟೆಯಲ್ಲೂ ಮೂತಿಗೆ ತಾಗಿದ್ದನ್ನು ನುಂಗುವ ಮೀನು ಅದು. ಅತಿಯಾಗಿ ಹಾಕಿದರೆ ಕೊಬ್ಬು ಕಟ್ಟುತ್ತೆ, ನೀರಲ್ಲಿ ಅಮೋನಿಯ ಏರುತ್ತೆ, ಜೊತೆಗಿರೋ ಮೀನು ಮಾತ್ರ ಉಳಿಯಲ್ಲ. ಈ ಗಾತ್ರಕ್ಕೆ ವಾರಕ್ಕೆ ಎರಡು ಮೂರು ಸಲ, ಕತ್ತಲಾಗೋ ಹೊತ್ತಿಗೆ, ಮುಳುಗುವ ಪೆಲೆಟ್ ಮತ್ತು ಸಿಗಡಿ ಸಾಕು. ಜೀವಂತ ಗೋಲ್ಡ್‌ಫಿಶ್ ಹಾಕೋ ಅಭ್ಯಾಸ ಬೇಡ. ಅದರ ಮೈಯಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡೋ ಅಂಶ ಇದೆ, ಹುಳುಗಳೂ ಜೊತೆಗೆ ಬರ್ತವೆ.

ತುಮಕೂರು_ತೊಟ್ಟಿ:
ಸಕ್ಕರ್, ಕೋಯಿ ಎರಡನ್ನೂ ತೆಗೆದು ಡ್ರಮ್‌ಗೆ ಹಾಕಿದೆ. ಮೂರನೇ ಒಂದು ಭಾಗ ನೀರು ಬದಲಿಸಿದ್ದೀನಿ. ಬಿಳಿ ಗುರುತು ಮಸುಕಾಗ್ತಾ ಇದೆ, ನಿನ್ನೆ ಸಂಜೆ ಸಿಗಡಿ ತಿಂದಿತು. ರೂಪ್‌ಚಂದ್ ನಾಲ್ಕು ತರಬಹುದಾ? ಸಕ್ಕರ್‌ಗಳನ್ನು ಊರ ಕೆರೆಗೆ ಬಿಟ್ಟರೆ ಆಗುತ್ತಾ?

ಮೀಸೆಮೀನು:
ಕೆರೆಗೆ ಖಂಡಿತ ಬೇಡ ಸರ್. ಅವು ಏರಿಯಲ್ಲಿ ಬಿಲ ಕೊರೆದು ಮೊಟ್ಟೆ ಇಡ್ತವೆ, ಮೀನುಗಾರರ ಬಲೆ ಹರೀತವೆ, ಒಮ್ಮೆ ಹೆಚ್ಚಿದರೆ ತೆಗೆಯೋಕೆ ಆಗಲ್ಲ. ಅಂಗಡಿಗೆ ವಾಪಸ್ ಕೊಡಿ.

ನಿಮ್ಮ ತೊಟ್ಟಿಗೆ ಸುಮಾರು 10,800 ಲೀಟರ್ ಹಿಡಿಯುತ್ತೆ. ರೂಪ್‌ಚಂದ್ ಎರಡು ಸಾಕು. ಮುಂದೆ ಆ ತೊಟ್ಟಿ ರೆಡ್‌ಟೇಲ್ ಒಂದಕ್ಕೇ ಇಕ್ಕಟ್ಟಾಗುತ್ತೆ, ದೊಡ್ಡ ಜಾಗದ ಯೋಚನೆ ಈಗಿನಿಂದಲೇ ಇರಲಿ.

ಹೊಂಡದ_ಹುಡುಗ:
ಈ ಚಳಿಯಲ್ಲಿ ತರಬೇಡಿ, ರೂಪ್‌ಚಂದ್‌ಗೆ ತಣ್ಣೀರು ಆಗಿಬರಲ್ಲ. ಶಿವರಾತ್ರಿ ಕಳೀಲಿ. ತಂದ ಮೇಲೆ ಬೇರೆ ತೊಟ್ಟಿಯಲ್ಲಿ ಮೂರು ವಾರ ಇಟ್ಟು ಆಮೇಲೆ ಬಿಡಿ, ಅದೂ ಬೆಳಗ್ಗೆ ಹೊತ್ತು. ಶುರುವಿನಲ್ಲಿ ಮಧ್ಯೆ ಅಡ್ಡ ಹಾಕೋದಾದರೆ ನೈಲಾನ್ ಬಲೆ ಬೇಡ, ರೆಡ್‌ಟೇಲ್‌ನ ಎದೆ ಮುಳ್ಳು ಸಿಕ್ಕಿಹಾಕಿಕೊಳ್ಳುತ್ತೆ. ಪಿವಿಸಿ ಪೈಪಿನ ಚೌಕಟ್ಟಿಗೆ ಗಟ್ಟಿ ಪ್ಲಾಸ್ಟಿಕ್ ಜಾಲರಿ ಕಟ್ಟಿ ತಳದವರೆಗೂ ಇಳಿಸಿ, ಕೆಳಗೆ ಸಂದು ಬಿಡಬೇಡಿ.