ಸಾಗರ ಪಟ್ಟಣದಲ್ಲಿದ್ದುಕೊಂಡು ಕನ್ಸರ್ಟ್ ಪಿಯಾನಿಸ್ಟ್ ತರಬೇತಿ: ಪಿಯಾನೊ, ಗ್ರೇಡ್, ಮುಂದಿನ ದಾರಿ

ಪ್ರಶ್ನೆ (ಸಾಗರ, ಶಿವಮೊಗ್ಗ ಜಿಲ್ಲೆ)
ಮಗಳಿಗೆ 11 ವರ್ಷ. ಟ್ರಿನಿಟಿ (ಲಂಡನ್ನಿನ ಸಂಗೀತ ಪರೀಕ್ಷಾ ಸಂಸ್ಥೆ) ಗ್ರೇಡ್ 3 ಆಗಿದೆ, 61 ಕೀಗಳ ಕೀಬೋರ್ಡಿನಲ್ಲೇ ಅಭ್ಯಾಸ. ಕನ್ಸರ್ಟ್ ಪಿಯಾನಿಸ್ಟ್ (ವೇದಿಕೆಯಲ್ಲಿ ಕಛೇರಿ ಕೊಡುವ ವಾದಕಿ) ಆಗಬೇಕೆಂಬ ಆಸೆ ಗಟ್ಟಿಯಾಗಿದೆ. ಗ್ರೇಡ್ 8 ಮುಗಿಸಿದರೆ ಸಾಕಾ? ಹಳೆಯ ಅಪ್‌ರೈಟ್ ಪಿಯಾನೊ (ತಂತಿಗಳು ನೆಟ್ಟಗೆ ನಿಂತಿರುವ ಬಗೆ) ಒಂದು ಮಾರಾಟಕ್ಕಿದೆ. ನಮ್ಮ ಮಳೆಗೆ ತಡೆಯುತ್ತಾ?

ಉತ್ತರ 1
ಮೊದಲು ಆ ಕೀಬೋರ್ಡ್ ಬದಲಿಸಿ. ಪಿಯಾನೊದಲ್ಲಿ ಸುತ್ತಿಗೆ ಎಷ್ಟು ವೇಗವಾಗಿ ತಂತಿಗೆ ಬಡಿಯುತ್ತದೋ ಅಷ್ಟು ದೊಡ್ಡ ನಾದ. ಹಗುರ ಕೀಗಳಲ್ಲಿ ಈ ಹಿಡಿತ ಬೆರಳಿಗೆ ಬರುವುದೇ ಇಲ್ಲ. ಸದ್ಯಕ್ಕೆ 88 ಕೀಗಳ, ಹ್ಯಾಮರ್ ಆಕ್ಷನ್ (ಸುತ್ತಿಗೆಯ ಭಾರ ಬೆರಳಿಗೆ ತಿಳಿಯುವ ಕೀ) ಇರುವ ಡಿಜಿಟಲ್ ಪಿಯಾನೊ ಸಾಕು. ಅರ್ಧ ಒತ್ತಿದರೂ ಸ್ಪಂದಿಸುವ ಪೆಡಲ್, ಅಲುಗಾಡದ ಸ್ಟ್ಯಾಂಡ್, ಎತ್ತರ ಬದಲಿಸಬಹುದಾದ ಬೆಂಚ್ ಜೊತೆಗಿರಲಿ. ಮುಂಗೈ ಕೀಗಳ ಮಟ್ಟಕ್ಕೆ ಬರುವಂತೆ ಕೂರಬೇಕು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಗ್ರೇಡ್ 5 ದಾಟಿದ ಮೇಲೆ ಅಕೂಸ್ಟಿಕ್ (ವಿದ್ಯುತ್ತಿಲ್ಲದ, ನಿಜ ತಂತಿಯ) ಪಿಯಾನೊ ಬೇಕೇ ಬೇಕು. ಅಪ್‌ರೈಟ್‌ನಲ್ಲೂ ಒಂದು ಮಿತಿ ಇದೆ: ಒಂದೇ ಸ್ವರವನ್ನು ಮತ್ತೆ ಬಾರಿಸಲು ಕೀ ಹೆಚ್ಚುಕಡಿಮೆ ಪೂರ್ತಿ ಮೇಲೆ ಬರಬೇಕು. ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೊದಲ್ಲಿ ಅರ್ಧಕ್ಕೇ ಮತ್ತೆ ಒತ್ತಬಹುದು. ಹಾಗಾಗಿ ಆಗಾಗ ಗ್ರ್ಯಾಂಡ್ ಮೇಲೂ ಕೈ ಆಡಬೇಕು.

ಉತ್ತರ 2
ಅಪ್‌ರೈಟ್ ಬಗ್ಗೆ. ಕೆಳಗಿನ ಹಲಗೆ ತೆಗೆಸಿ ಟಾರ್ಚ್ ಹಾಕಿ ನೋಡಿ: ಗೆದ್ದಲಿನ ಮಣ್ಣು, ತಂತಿಗೆ ತುಕ್ಕು, ಸೌಂಡ್‌ಬೋರ್ಡ್ (ನಾದ ಹಿಗ್ಗಿಸುವ ಮರದ ಹಲಗೆ) ಬಿರುಕು. ತಂತಿ ಸುತ್ತಿರುವ ಟ್ಯೂನಿಂಗ್ ಪಿನ್‌ಗಳು ಸಡಿಲವಾಗಿದ್ದರೆ ಕೊಳ್ಳಲೇಬೇಡಿ. ಸುಮಾರು 230 ತಂತಿಗಳ ಎಳೆತವನ್ನು ಹಿಡಿಯಬೇಕಾದದ್ದು ಅವೇ, ಇಂದು ಶ್ರುತಿ ಮಾಡಿದರೆ ವಾರದಲ್ಲಿ ಇಳಿಯುತ್ತದೆ.

ಮಳೆಗಾಲದಲ್ಲಿ ಸೌಂಡ್‌ಬೋರ್ಡ್ ತೇವ ಹೀರಿ ಉಬ್ಬುತ್ತದೆ, ಶ್ರುತಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಆಷಾಢದ ಮಳೆಯಲ್ಲಿ ಟ್ಯೂನ್ ಮಾಡಿಸಿದ ದುಡ್ಡು ಉಳಿಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಒಮ್ಮೆ, ಶಿವರಾತ್ರಿ ಕಳೆದ ಮೇಲೆ ಒಮ್ಮೆ ಮಾಡಿಸಿ. ಕೀ ಅಂಟಿಕೊಂಡರೆ ಎಣ್ಣೆ ಬಿಡಬೇಡಿ! ಒಳಗಿನ ಫೆಲ್ಟ್ (ಉಣ್ಣೆಯ ದಪ್ಪ ಬಟ್ಟೆ) ಉಬ್ಬಿರುತ್ತದೆ, ಎಣ್ಣೆ ಕುಡಿದರೆ ಇನ್ನಷ್ಟು ಬಿಗಿಯುತ್ತದೆ. ಟ್ಯೂನರ್ ಅದನ್ನು ಇಕ್ಕಳದಿಂದ ಒತ್ತಿ ಸರಿಮಾಡುತ್ತಾರೆ. ಹೊರಗೋಡೆ ಬಿಟ್ಟು ಒಳಗೋಡೆಗೆ, ನಾಲ್ಕು ಇಂಚು ಬಿಟ್ಟು ಇಡಿ. ಕೋಣೆಗೆ ತೇವಮಾಪಕ, ಡಿಹ್ಯುಮಿಡಿಫೈಯರ್ ಎರಡೂ ಬೇಕು. 60 ಶೇಕಡಾ ದಾಟಲು ಬಿಡಬೇಡಿ.

ಉತ್ತರ 3
ಗ್ರೇಡ್ 8 ಸಾಲದು, ಅದು ಹೊಸ್ತಿಲು ಅಷ್ಟೆ. ಪರೀಕ್ಷೆಗೆ ಕೆಲವೇ ರಚನೆ ತಯಾರಿಸಿ ವರ್ಷ ಕಳೆಯುವುದೇ ಇಲ್ಲಿ ಆಗುವ ದೊಡ್ಡ ನಷ್ಟ. ವಿದೇಶಿ ಕನ್ಸರ್ವೇಟರಿ (ಸಂಗೀತ ಕಾಲೇಜು) ಆಡಿಷನ್‌ಗೆ (ಬಾರಿಸಿ ತೋರಿಸುವ ಪ್ರವೇಶ ಪರೀಕ್ಷೆ) ಸಾಮಾನ್ಯವಾಗಿ ಬಾಖ್‌ನ ಪ್ರಿಲ್ಯೂಡ್ ಮತ್ತು ಫ್ಯೂಗ್, ಹೈಡನ್, ಮೊಜಾರ್ಟ್ ಅಥವಾ ಬೇಥೋವನ್ ಸೊನಾಟಾ, ಶೊಪಾಂ ಎಟ್ಯೂಡ್ (ಕೌಶಲ ಪರೀಕ್ಷಿಸುವ ರಚನೆ), 19ನೇ ಶತಮಾನದ ರೊಮ್ಯಾಂಟಿಕ್ ಶೈಲಿಯ ಒಂದು ದೊಡ್ಡ ಕೃತಿ, ಒಂದು 20ನೇ ಶತಮಾನದ ಕೃತಿ ಕೇಳುತ್ತಾರೆ, ಬಹುಪಾಲು ಬಾಯಿಪಾಠವಾಗಿ.

14ರ ವಯಸ್ಸಿನವರೆಗೆ ಬಾಖ್‌ನ 15 ಎರಡು-ಧ್ವನಿಯ ಇನ್ವೆನ್ಷನ್‌ಗಳು (ಪುಟ್ಟ ರಚನೆಗಳು), ಚೆರ್ನಿಯ ಬೆರಳಭ್ಯಾಸಗಳು, 24 ಸ್ಕೇಲ್‌ಗಳು (ಸ್ವರಶ್ರೇಣಿಗಳು) ಎರಡೂ ಕೈಯಲ್ಲಿ. ದಿನಕ್ಕೆ ಒಂದೂವರೆ ಗಂಟೆ, 30-40 ನಿಮಿಷಕ್ಕೊಮ್ಮೆ ಬಿಡುವು. ಮಣಿಕಟ್ಟು ನೋವು ಬಂದರೆ ಆ ಕ್ಷಣವೇ ನಿಲ್ಲಿಸಿ. ಸಹಿಸಿಕೊಂಡು ಬಾರಿಸಿದರೆ ತಿಂಗಳುಗಟ್ಟಲೆ ಕೈ ಕಟ್ಟಿಹಾಕುತ್ತದೆ. ಕರ್ನಾಟಕ ಸಂಗೀತ ಕಲಿತ ಮಕ್ಕಳು ಕೇಳಿಯೇ ಹಿಡಿದುಬಿಡುತ್ತಾರೆ, ಸ್ಟಾಫ್ (ಐದು ಗೆರೆಯ ಸ್ವರಲಿಪಿ) ಓದುವುದನ್ನು ತಪ್ಪಿಸುತ್ತಾರೆ. ಅಪರಿಚಿತ ಪುಟವನ್ನು ನೋಡಿ ಬಾರಿಸುವ ಅಭ್ಯಾಸ ದಿನವೂ 15 ನಿಮಿಷ ಇರಲಿ. ಮುಂದೆ ಹೊಟ್ಟೆ ತುಂಬಿಸುವುದೂ ಅದೇ: ಏಕವಾದಕರಾಗಿ ಬದುಕುವವರು ಬೆರಳೆಣಿಕೆ. ಉಳಿದವರು ಹಾಡುಗಾರರಿಗೆ, ಪಿಟೀಲಿಗೆ ಜೊತೆ ಬಾರಿಸಿ, ಒಪೆರಾ ರಿಹರ್ಸಲ್ ನಡೆಸಿ, ಪಾಠ ಹೇಳಿ ಬದುಕು ಕಟ್ಟುತ್ತಾರೆ. ಅದನ್ನು ಸೋಲೆಂದು ಎಣಿಸಬೇಡಿ.

ಗ್ರೇಡ್ 8 ಆದಮೇಲೆ ಟ್ರಿನಿಟಿಯಲ್ಲೇ ಎಟಿಸಿಎಲ್, ಎಲ್‌ಟಿಸಿಎಲ್ ಡಿಪ್ಲೊಮಾಗಳಿವೆ. ಬ್ರಿಟನ್ನಿನ ಇನ್ನೊಂದು ಪರೀಕ್ಷಾ ಸಂಸ್ಥೆ ಎಬಿಆರ್‌ಎಸ್‌ಎಂ ಹಿಡಿದರೆ ಗ್ರೇಡ್ 6ಕ್ಕೂ ಮೊದಲು ಗ್ರೇಡ್ 5 ಥಿಯರಿ ಮುಗಿಸಿಕೊಳ್ಳಿ. ಅಮೆರಿಕದ ಕರ್ಟಿಸ್ ಸಂಗೀತ ಕಾಲೇಜಿನಲ್ಲಿ ಆಯ್ಕೆಯಾದವರಿಗೆಲ್ಲ ಬೋಧನಾ ಶುಲ್ಕ ಇಲ್ಲ. ಜರ್ಮನಿಯ ಹಲವು ಸರ್ಕಾರಿ ಸಂಗೀತ ಕಾಲೇಜುಗಳಲ್ಲೂ ಶುಲ್ಕ ಕಡಿಮೆ, ಆದರೆ ಜರ್ಮನ್ ಭಾಷೆ, ಥಿಯರಿ, ಕಿವಿ ಪರೀಕ್ಷೆ ಎದುರಿಸಬೇಕು. ಬ್ರಿಟನ್ನಿನ ಕನ್ಸರ್ವೇಟರಿ ಅರ್ಜಿಗೆ ಅಕ್ಟೋಬರ್ ಆರಂಭದಲ್ಲೇ ಗಡುವು. ಕತ್ತರಿ ಹಾಕದ ವಿಡಿಯೊ ಬೇಕಾದರೆ ರೆಕಾರ್ಡಿಂಗ್ ಮಳೆಗಾಲಕ್ಕೇ ಬೀಳುತ್ತದೆ, ಹೆಂಚಿನ ಮೇಲಿನ ಸದ್ದು ಮೈಕಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಗ್ರ್ಯಾಂಡ್ ಇರುವ ಹಾಲ್ ಮೊದಲೇ ಕಾದಿರಿಸಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ವಾರವಾರ ಬೆಂಗಳೂರಿಗೆ ಓಡಾಡಲು ಆಗದು. ಆನ್‌ಲೈನ್ ಪಾಠ ಆದೀತಾ?

ಉತ್ತರ 3
ತಿಂಗಳಿಗೊಮ್ಮೆ ಎದುರು ಕೂತು, ಉಳಿದ ವಾರ ಆನ್‌ಲೈನ್. ಒಂದು ಕ್ಯಾಮೆರಾ ಮೇಲಿನಿಂದ ಕೈಗಳಿಗೆ, ಇನ್ನೊಂದು ಪಕ್ಕದಿಂದ, ಭುಜದಿಂದ ಪೆಡಲ್‌ವರೆಗೆ ಕಾಣುವಂತೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿ. ಇಲ್ಲವಾದರೆ ಆ್ಯಪ್ ದೀರ್ಘವಾಗಿ ಉಳಿಯುವ ನಾದವನ್ನು ಗದ್ದಲವೆಂದು ಅಳಿಸುತ್ತದೆ, ಮೆಲುದನಿ, ಜೋರುದನಿ ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ಆಗ ಗುರುಗಳಿಗೆ ತಿದ್ದಲು ಏನೂ ಕೇಳಿಸುವುದಿಲ್ಲ.