ಬಣ್ಣದ ವೇಷದ ಕಾರ್ಡು ಫಿನ್‌ಲ್ಯಾಂಡಿಗೆ ಕಳುಹಿಸಬಹುದಾ?

ಬದಿಯಡ್ಕದ ಹುಡುಗಿ:
ನಮಸ್ಕಾರ. ಗುರುತಿಲ್ಲದವರಿಗೆ ಪೋಸ್ಟ್‌ಕಾರ್ಡು ಕಳುಹಿಸಿ, ಬೇರೆ ಯಾರಿಂದಲೋ ಪಡೆಯುವ ಪೋಸ್ಟ್‌ಕ್ರಾಸಿಂಗ್ ಎಂಬ ವೆಬ್‌ಸೈಟಿಗೆ ಹೊಸದಾಗಿ ಸೇರಿದ್ದೇನೆ. ಮೊದಲಿಗೇ ಫಿನ್‌ಲ್ಯಾಂಡಿನ ವಿಳಾಸ ಬಂತು. ಅವರಿಗೆ ಚಿತ್ರಕಲೆಯ ಕಾರ್ಡು ಇಷ್ಟವಂತೆ. ನಮ್ಮ ಪೇಟೆಯಲ್ಲಿ ಸಿಗುವುದು ಹುಟ್ಟುಹಬ್ಬದ ಕಾರ್ಡು ಮಾತ್ರ. ಕಾಸರಗೋಡಿನ ಒಂದು ಅಂಗಡಿಯಲ್ಲಿ ಬೇಕಲ ಕೋಟೆಯದ್ದು ಇತ್ತು, ಬಣ್ಣ ಮಾಸಿ ಹೋಗಿದೆ. ನಾನು ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರದ್ದು) ಜಲವರ್ಣದಲ್ಲಿ ಬರೆಯುತ್ತೇನೆ. ಅದನ್ನೇ ಕಳುಹಿಸಲಾ? 50 ಪೈಸೆ ಕಾರ್ಡಿನ ಮೇಲೆ ಬರೆದರೆ ಆಗುತ್ತದಾ? ಅಮ್ಮನದ್ದು ಬೇರೆ ಚಿಂತೆ: "ಗುರುತು ಪರಿಚಯ ಇಲ್ಲದವರಿಗೆ ಮನೆ ಅಡ್ರೆಸ್ ಎಂತಕ್ಕೆ?"

ಮಂಜೇಶ್ವರದ ಟೀಚರ್:
ಧಾರಾಳ ಕಳುಹಿಸು ತಂಗಿ. ಆದರೆ ಮೊದಲು ಅವರ ಪ್ರೊಫೈಲ್ ಪೂರ್ತಿ ಓದು. "ಕೈಯಲ್ಲಿ ಮಾಡಿದ್ದು ಬೇಡ" ಅಂತ ಬರೆದುಕೊಂಡವರು ಸುಮಾರು ಜನ ಇದ್ದಾರೆ. ಅಂಥವರಿಗೆ ಬೇಕಲವೇ ಸಾಕು.

50 ಪೈಸೆ ಕಾರ್ಡು ಬೇಡ. ಅದು ದೇಶದೊಳಗಿನ ದರದ್ದು, ಹೊರದೇಶಕ್ಕೆ ಮತ್ತೆ ಸ್ಟ್ಯಾಂಪ್ ಅಂಟಿಸಬೇಕು. ಕಾಗದವೂ ತೆಳು, ನೀರು ತಾಗಿದ ಕೂಡಲೇ ಮುದುಡುತ್ತದೆ. 300 ಜಿಎಸ್‌ಎಂನ ದಪ್ಪ ಜಲವರ್ಣದ ಕಾಗದ ತಗೊಂಡು 10 ಸೆಂ.ಮೀ. ಅಗಲ, 15 ಉದ್ದಕ್ಕೆ ಕತ್ತರಿಸು. ಹಿಂಬದಿ ನಡುವೆ ಗೆರೆ ಎಳೆ. ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಕೌಂಟರಿನಲ್ಲಿ "ಫಾರಿನ್ ಪೋಸ್ಟ್‌ಕಾರ್ಡು, ಏರ್‌ಮೇಲ್" ಅಂತಲೇ ಕೇಳು. ಸಣ್ಣ ಆಫೀಸಿನಲ್ಲಿ ಒಮ್ಮೊಮ್ಮೆ ಅವರಿಗೂ ದರ ಹುಡುಕಬೇಕಾಗುತ್ತದೆ, ನೀನು ಗಡಿಬಿಡಿ ಮಾಡಬೇಡ. ವಿಳಾಸದ ಜೊತೆ ಸೈಟಿನವರು ಕೊಡುವ ಕಾರ್ಡಿನ ಐಡಿಯನ್ನು ನೀರಿಗೆ ಕದಡದ ಪೆನ್ನಿನಲ್ಲಿ ಬರಿ. ಅದು ಓದಲಿಕ್ಕೆ ಆಗದಿದ್ದರೆ, ಕಾರ್ಡು ಸಿಕ್ಕಿತು ಅಂತ ಅವರು ಸೈಟಿನಲ್ಲಿ ರಿಜಿಸ್ಟರ್ ಮಾಡುವುದು ಕಷ್ಟ. ಅವರು ಮಾಡಿದ ಮೇಲೆಯೇ ನಿನ್ನ ವಿಳಾಸ ಮತ್ತೊಬ್ಬರಿಗೆ ಹೋಗುವುದು. ಫಿನ್‌ಲ್ಯಾಂಡಿಗೆ ಕಳುಹಿಸಿದ್ದಕ್ಕೆ ಉತ್ತರ ಜಪಾನಿನಿಂದ ಬಂದರೂ ಬಂತು. 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದಾಗಿಂದ ಇದರ ಮಜವೇ ಇದು.

ಇನ್ನು ಹಿಂಬದಿ. "ಹಲೋ ಫ್ರಮ್ ಇಂಡಿಯಾ, ಹ್ಯಾಪಿ ಪೋಸ್ಟ್‌ಕ್ರಾಸಿಂಗ್" ಅಂತ ಮಾತ್ರ ಬರೆದ ಕಾರ್ಡು ನನಗೆ ಸ್ವಲ್ಪವೂ ಇಷ್ಟವಿಲ್ಲ. ನೀನು ಬಣ್ಣದ ವೇಷ ಬರೆಯುವವಳು, ಆ ಮುಖದ ಬಿಳಿ ಚಿಟ್ಟಿಯ ಬಗ್ಗೆಯೇ ಬರಿ. ಅಕ್ಕಿಹಿಟ್ಟು ಸುಣ್ಣ ಕಲಸಿ, ಕಡ್ಡಿ ತುದಿಯಲ್ಲಿ ಒಂದೊಂದೇ ಮುಳ್ಳು ಎಬ್ಬಿಸುವುದು, ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಗಂಟೆಗಟ್ಟಲೆ ಕೂತು. ವೇಷ ಕಟ್ಟುವ ಚೌಕಿಯಲ್ಲಿ ನೋಡಿರಬೇಕಲ್ವಾ? ಅದು ಅಂಗಡಿ ಕಾರ್ಡಿನಲ್ಲಿ ಎಲ್ಲಿ ಸಿಗಬೇಕು!

ಅಮ್ಮನಿಗೆ ಹೇಳು, ವಿಳಾಸ ಪ್ರೊಫೈಲಿನಲ್ಲಿ ಕಾಣುವುದಿಲ್ಲ. ನಿನಗೆ ಕಾರ್ಡು ಕಳುಹಿಸುವ ಪಾಳಿ ಬಂದವರಿಗೆ ಮಾತ್ರ ಸಿಗುವುದು. ಆದರೂ ಅವರಿಗೆ ಸಮಾಧಾನ ಇಲ್ಲದಿದ್ದರೆ ಅಪ್ಪನ ಅಂಗಡಿಯದ್ದೋ ಆಫೀಸಿನದ್ದೋ ಕೊಡು.

ಕುಂಬಳೆ ಸ್ಟೇಷನ್:
ಟೀಚರ್ ಹೇಳಿದ್ದು ಸರಿ, ಒಂದು ಮಾತು ಬಿಟ್ಟು. ಅಸಲು ಚಿತ್ರ ಕಳುಹಿಸಲೇಬೇಡಿ ಮಾರಾಯ್ರೆ. ದಾರಿಯಲ್ಲಿ ಕಾಣೆಯಾದರೆ ಯಾರನ್ನು ಕೇಳುವುದು? ಸ್ಕ್ಯಾನ್ ಮಾಡಿ ದಪ್ಪ ಕಾರ್ಡಿನಲ್ಲಿ ಪ್ರಿಂಟ್ ಹಾಕಿಸಿ. ಒಂದು ಚಿತ್ರಕ್ಕೆ ಎಷ್ಟು ಬೇಕಾದರೂ ಕಾರ್ಡು. "ಕೈಯಲ್ಲಿ ಮಾಡಿದ್ದು ಬೇಡ" ಅನ್ನುವವರ ತಕರಾರೂ ಅಲ್ಲಿಗೆ ಮುಗಿಯಿತು. ನಮ್ಮ ಜೂನ್ ಜುಲೈ ಮಳೆಯಲ್ಲಿ ಜಲವರ್ಣ ಕಳುಹಿಸಲು ನನಗಂತೂ ಧೈರ್ಯ ಇಲ್ಲ.

ಮಂಜೇಶ್ವರದ ಟೀಚರ್:
ಪ್ರಿಂಟ್ ಒಳ್ಳೆಯದೇ, ಅದರಲ್ಲೂ ಮಳೆಗಾಲಕ್ಕೆ. ಆದರೆ ಕುಂಚದ ಗೆರೆ ಕೈಗೆ ತಾಗುವ ಕಾರ್ಡು ಬಂದಾಗಿನ ಖುಷಿ ಬೇರೆ ಅಣ್ಣ. ತೈವಾನಿನಿಂದ ನನಗೊಂದು ಬಂದಿತ್ತು, ಹಲಸಿನ ಹಣ್ಣಿನದ್ದು. ಒಂದು ಮೂಲೆಯಲ್ಲಿ ಬಣ್ಣ ಕದಡಿತ್ತು. ಫ್ರಿಜ್ಜಿನ ಮೇಲೆ ಇವತ್ತಿಗೂ ಇರುವುದು ಅದೇ.

ಬದಿಯಡ್ಕದ ಹುಡುಗಿ:
ಇಬ್ಬರಿಗೂ ಥ್ಯಾಂಕ್ಸ್. ಅವರು ಕೈಯಲ್ಲಿ ಬರೆದದ್ದು ಇಷ್ಟ ಅಂತಲೇ ಹಾಕಿದ್ದಾರೆ, ಹಾಗಾಗಿ ಅಸಲೇ ಹೋಗಲಿ. ಸ್ಕ್ಯಾನ್ ಇಟ್ಟುಕೊಳ್ಳುತ್ತೇನೆ. ಕಾರ್ಡು ತಲುಪದೇ ಹೋದರೆ ಎಂತ ಮಾಡುವುದು?

ಕುಂಬಳೆ ಸ್ಟೇಷನ್:
60 ದಿವಸ ಕಾಯಿರಿ. ಆಮೇಲೆ ನಿಮ್ಮ ಲೆಕ್ಕದಲ್ಲಿ ಆ ಕಾರ್ಡಿನ ಜಾಗ ಖಾಲಿಯಾಗುತ್ತದೆ, ಹೊಸ ವಿಳಾಸ ಕೇಳಬಹುದು. ತಡವಾಗಿ ತಲುಪಿದರೂ ಒಂದು ವರ್ಷದ ತನಕ ಅವರು ರಿಜಿಸ್ಟರ್ ಮಾಡಬಹುದು. ಅಷ್ಟರಲ್ಲಿ ಉಳಿದ ನಾಲ್ಕು ವಿಳಾಸ ತೆಗೆಯಿರಿ, ಹೊಸಬರಿಗೆ ಒಟ್ಟಿಗೆ ಐದು ಕಾರ್ಡು ಕಳುಹಿಸಲಿಕ್ಕೆ ಬಿಡುತ್ತಾರೆ.