ಪ್ರಾಕ್ಟೀಸ್ ಬಿಟ್ಟು ರಾಜಕೀಯಕ್ಕೆ ಇಳಿದ ಡಾಕ್ಟರುಗಳು ಇದ್ದೀರಾ? ಅನುಭವ ಹೇಳಿ

ಗೌರಿಬಿದನೂರು ಫಿಜಿಷಿಯನ್:
ನಾನು ಎಂ.ಡಿ. ಮೆಡಿಸಿನ್, ವಯಸ್ಸು 43. ಊರಲ್ಲಿ 20 ಹಾಸಿಗೆಯ ನರ್ಸಿಂಗ್ ಹೋಂ ಇದೆ. ಮನೆಯವರು ಹೆರಿಗೆ ಡಾಕ್ಟರ್. ಕೋವಿಡ್‌ನಲ್ಲಿ ಬಾಗಿಲು ಹಾಕದೆ ಕೆಲಸ ಮಾಡಿದ್ದಕ್ಕೆ ಸ್ವಲ್ಪ ಹೆಸರು ಬಂತು. ಈಗ ಒಂದು ಪಕ್ಷದವರು 2028ಕ್ಕೆ ತಯಾರಾಗಿ ಅಂತ ಮನೆಗೆ ಬರುತ್ತಿದ್ದಾರೆ. ಪ್ರಾಕ್ಟೀಸ್ ಇಟ್ಟುಕೊಂಡೇ ಇದನ್ನು ಮಾಡಬಹುದಾ? ಆಸ್ಪತ್ರೆ ಲೈಸೆನ್ಸು, ಸಾಲ ಎರಡೂ ನನ್ನ ಹೆಸರಲ್ಲಿವೆ. ಈಗಲೇ ಮನೆಯವರ ಹೆಸರಿಗೆ ಮಾಡಿಸಬೇಕಾ? ಈ ದಾರಿ ತುಳಿದವರು ದಯವಿಟ್ಟು ಹೇಳಿ.

ಮಧುಗಿರಿ ಕಡೆ ಸರ್ಜನ್:
ಡಾಕ್ಟ್ರೇ, ಮೊದಲು ನನ್ನ ಕಥೆ ಕೇಳಿ. 2018ರಲ್ಲಿ ವಿಧಾನಸಭೆಗೆ ಪಕ್ಷೇತರನಾಗಿ ನಿಂತೆ. ಹರ್ನಿಯಾ, ಅಪೆಂಡಿಕ್ಸ್, ಪೈಲ್ಸ್ ಅಂತ ಕ್ಷೇತ್ರದಲ್ಲಿ ನಾನು ಹೊಲಿಗೆ ಹಾಕದ ಮನೆ ಇಲ್ಲ ಅನ್ನೋ ಹಾಗಿತ್ತು. ಎಣಿಕೆ ದಿನ ಠೇವಣಿಯೇ ಹೋಯಿತು. ಹತ್ತು ಸಾವಿರ ದೊಡ್ಡ ದುಡ್ಡಲ್ಲ. ಬಿದ್ದ ಓಟಿನಲ್ಲಿ ಆರರಲ್ಲಿ ಒಂದು ಪಾಲೂ ಬರಲಿಲ್ಲವಲ್ಲ, ಅದು ಇವತ್ತಿಗೂ ಉರಿಯುತ್ತದೆ.

ಖರ್ಚು ಕೇಳಿ. ಆಗ ಆಯೋಗದ ಮಿತಿ 28 ಲಕ್ಷ, ಈಗ 40. ಆರು ಬೊಲೆರೊ, ಒಂದಕ್ಕೆ ದಿನಕ್ಕೆ 2,500 ಬಾಡಿಗೆ, ಡೀಸೆಲ್ ನಮ್ಮದು, ಡ್ರೈವರ್ ಬಾಟಾ 400 ಬೇರೆ. ಮೈಕ್ ಕಟ್ಟಿದ ಆಟೋ ನಾಲ್ಕು. ಬೂತು 250ರ ಹತ್ತಿರ. ಬೂತಿಗೆ ಇಬ್ಬರು ಏಜೆಂಟರು, ತಲೆಗೆ 500. ಅಲ್ಲಿಗೆ ಒಂದೇ ದಿನಕ್ಕೆ ಎರಡೂವರೆ ಲಕ್ಷ, ಊಟ ಬಿಟ್ಟು. ಅವರಲ್ಲಿ ಅರ್ಧ ಜನ ಮಧ್ಯಾಹ್ನದ ಹೊತ್ತಿಗೆ ಎದುರಿನವರ ಟೇಬಲ್ಲಿನಲ್ಲಿ ಕೂತಿದ್ದರು! ಇದೆಲ್ಲ ಚುನಾವಣೆ ಟೈಮಿನದು. ಅದಕ್ಕೆ ಮೊದಲೇ ಗಣೇಶನ ಪೆಂಡಾಲಿಗೆ ಊರಿಗೆ 5,000, ಕಬಡ್ಡಿ ಕಪ್ಪು, ಗೋಪುರಕ್ಕೆ ಸಿಮೆಂಟು, ಮದುವೆ ಮನೆ ಮುಯ್ಯಿ. ಕ್ಯಾತಸಂದ್ರದ ಸೈಟು ಹೋಯಿತು. ಲ್ಯಾಪ್ರೋಸ್ಕೋಪಿ ಸೆಟ್ಟಿಗೆ ಅಂತ ತೆಗೆದಿಟ್ಟಿದ್ದ ದುಡ್ಡೂ ಹೋಯಿತು.

ಒಂದು ಹಳ್ಳಿಯಲ್ಲಿ ಕೈ ಮುಗಿದು ಓಟು ಕೇಳಿದರೆ ಅಜ್ಜಿ ಮಂಡಿ ತೋರಿಸಿದರು. ಜಗಲಿ ಮೇಲೆ ಕೂತು ಒತ್ತಿ ನೋಡಿದೆ, ನೀರು ತುಂಬಿತ್ತು. ಕರಪತ್ರದ ಹಿಂದೆ ಮಾತ್ರೆ ಬರೆದುಕೊಟ್ಟೆ. ಆಮೇಲೆ ಅಜ್ಜಿ ಕೇಳುತ್ತಾರೆ, "ನೀನು ಗೆದ್ದು ಬೆಂಗಳೂರು ಸೇರಿಕೊಂಡರೆ ನಮ್ಮನ್ನ ನೋಡೋರು ಯಾರಪ್ಪಾ?" ಓಟು ಹಾಕದೇ ಇರೋದಕ್ಕೆ ಇದಕ್ಕಿಂತ ಕಾರಣ ಬೇಕಾ? ರೋಗಿಗಳ ಕ್ಯೂ ನೋಡಿ ಮೋಸ ಹೋಗಬೇಡಿ ಅಷ್ಟೇ.

ಕುಣಿಗಲ್ ಮೆಡಿಕಲ್ ಸ್ಟೋರ್:
ಸುಮ್ನೆ ಹೆದರಿಸಬೇಡಿ ಸಾರ್. ನಮ್ಮ ಕುಣಿಗಲ್ ನೋಡಿ. ಎಂ.ಎಲ್.ಎ. ಡಾ. ಎಚ್.ಡಿ. ರಂಗನಾಥ್ ಮೂಳೆ ಡಾಕ್ಟರ್, 2018, 2023 ಎರಡೂ ಸಲ ಗೆದ್ದರು. ತಾಲ್ಲೂಕು ತುಮಕೂರು ಜಿಲ್ಲೆಯದಾದರೂ ಲೋಕಸಭೆಗೆ ನಾವು ಬೆಂಗಳೂರು ಗ್ರಾಮಾಂತರಕ್ಕೆ ಸೇರುತ್ತೇವೆ. 2024ರಲ್ಲಿ ಅಲ್ಲಿ ಗೆದ್ದವರು ಜಯದೇವ ಆಸ್ಪತ್ರೆ ನಡೆಸಿದ ಡಾ. ಸಿ.ಎನ್. ಮಂಜುನಾಥ್, ಹೃದಯದ ಡಾಕ್ಟರ್. ಅಂತರ 2.6 ಲಕ್ಷಕ್ಕೂ ಜಾಸ್ತಿ. ಮೂಳೆ ಒಂದು ಪಕ್ಷ, ಹೃದಯ ಇನ್ನೊಂದು ಪಕ್ಷ. ಎರಡನ್ನೂ ಗೆಲ್ಲಿಸಿದವರು ನಾವು.

ಮಧುಗಿರಿ ಕಡೆ ಸರ್ಜನ್:
ಮಂಜುನಾಥ್ ಅವರು ದೇವೇಗೌಡರ ಅಳಿಯ. ಶಿರಾದಲ್ಲಿ 2020ರ ಉಪಚುನಾವಣೆ ಗೆದ್ದ ಡಾ. ರಾಜೇಶ್ ಗೌಡ ರೇಡಿಯಾಲಜಿಸ್ಟ್ ಹೌದು, ಆದರೆ ತಂದೆ ಮೂಡಲಗಿರಿಯಪ್ಪ ಸಂಸದರಾಗಿದ್ದವರು. ಚಿಂತಾಮಣಿಯ ಡಾ. ಎಂ.ಸಿ. ಸುಧಾಕರ್ ದಂತವೈದ್ಯರು, ತಂದೆ ಚೌಡರೆಡ್ಡಿ ಮಂತ್ರಿಯಾಗಿದ್ದವರು. ನಮ್ಮಪ್ಪ ಕಡಲೆಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಸ್ಟೆತಸ್ಕೋಪ್ ಗೆಲ್ಲಿಸುವುದಿಲ್ಲ ಸ್ವಾಮಿ, ಮನೆತನ ಗೆಲ್ಲಿಸುತ್ತದೆ.

ಕುಣಿಗಲ್ ಮೆಡಿಕಲ್ ಸ್ಟೋರ್:
ಮನೆತನ ಇದ್ದರೂ ಜನ ಸೋಲಿಸುತ್ತಾರೆ. ರಾಜೇಶ್ ಗೌಡ ಅವರು 2023ರಲ್ಲಿ ಟಿ.ಬಿ. ಜಯಚಂದ್ರ ಎದುರು ಸೋಲಲಿಲ್ಲವಾ? ಜಯದೇವದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾರೆ. ಅವರೆಲ್ಲ ಅಳಿಯ ಅಂತ ನೋಡಿ ಓಟು ಹಾಕಿದ್ರಾ? ಹೊಟ್ಟೆಕಿಚ್ಚು ಬಿಡಿ ಸಾರ್.

ಪಾವಗಡ ಆಯುರ್ವೇದ ಡಾಕ್ಟರ್:
ಎಲ್ಲರೂ ನೇರ ವಿಧಾನಸೌಧಕ್ಕೇ ಯಾಕೆ ಹಾರುತ್ತೀರಿ? ನಾನು 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗೆ ನಿಂತು ಗೆದ್ದೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ. ಒಟ್ಟು ಖರ್ಚು 61,000. ಜಾಸ್ತಿ ಹೋಗಿದ್ದು ಟೀ, ಬೋಂಡಾಗೆ. ಬೆಳಿಗ್ಗೆ ಕ್ಲಿನಿಕ್ಕು, ಮಧ್ಯಾಹ್ನ ಪಂಚಾಯಿತಿ. ಆರಾಮಾಗಿ ನಡೆಯಿತು.

ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಮಕ್ಕಳ ಹಲ್ಲು ಕಂದು, ದೊಡ್ಡವರಿಗೆ ಮೂಳೆ ಬಿಗಿತ. ಎಷ್ಟು ವರ್ಷ ಅಂತ ಎಣ್ಣೆ ತಿಕ್ಕಲಿ? ಶುದ್ಧ ನೀರಿನ ಘಟಕ ಇತ್ತು, ನೀರು ಸೋಸೋ ಮೆಂಬ್ರೇನ್ ಕಟ್ಟಿಕೊಂಡು ನಿಂತುಹೋಗಿತ್ತು. ಗುತ್ತಿಗೆಯವನು ಫೋನ್ ಎತ್ತುತ್ತಿರಲಿಲ್ಲ. ಸಭೆಯಲ್ಲಿ ಹಟ ಹಿಡಿದು ಹೊಸ ಮೆಂಬ್ರೇನ್ ಹಾಕಿಸಿದೆ. ಈಗ 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತದೆ. ಆ ಒಂದು ಮೆಂಬ್ರೇನು ನನ್ನ ಇಡೀ ಪ್ರಾಕ್ಟೀಸಿಗಿಂತ ಜಾಸ್ತಿ ಮಂಡಿ ಉಳಿಸಿದೆ ಅಂತ ಎದೆ ತಟ್ಟಿ ಹೇಳುತ್ತೇನೆ. ಮುಂದೆ ಜಿಲ್ಲಾ ಪಂಚಾಯಿತಿ ಅಂದುಕೊಂಡೆ. 2016ರಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿಯಿತು, ಆಮೇಲೆ ಚುನಾವಣೆಯನ್ನೇ ಎಳೆಯುತ್ತಾ ಕೂತರು. ಅದು ನನ್ನ ತಪ್ಪಲ್ಲ.

ಮಧುಗಿರಿ ಕಡೆ ಸರ್ಜನ್:
ಅವರು ಕೇಳಿದ್ದು ಡಾಕ್ಟರುಗಳನ್ನ.

ಪಾವಗಡ ಆಯುರ್ವೇದ ಡಾಕ್ಟರ್:
ಐದೂವರೆ ವರ್ಷ ಆಯುರ್ವೇದ ಕಾಲೇಜಿನಲ್ಲಿ ನಾವೇನು ಕುರಿ ಕಾಯ್ತಿದ್ವಾ? ಠೇವಣಿ ಕಳಕೊಂಡವರಿಗೆ ಗೆದ್ದವರನ್ನು ಕಂಡರೆ ಹೀಗೇ ಆಗೋದು.

ಕೊರಟಗೆರೆ ಮೇಷ್ಟ್ರು:
ಜಗಳ ಯಾಕೆ? ನಮ್ಮ ಡಾ. ಪರಮೇಶ್ವರ್ ಅವರನ್ನು ಯಾರೂ ಹೇಳಲೇ ಇಲ್ಲವಲ್ಲ. ಎಷ್ಟು ಸಲ ಮಂತ್ರಿಯಾದರು.

ಮಧುಗಿರಿ ಕಡೆ ಸರ್ಜನ್:
ಮೇಷ್ಟ್ರೇ, ಅವರು ಪಿಎಚ್.ಡಿ. ಡಾಕ್ಟರ್! ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಗಿಡಗಳ ಮೇಲೆ ಸಂಶೋಧನೆ ಮಾಡಿದವರು. ಮನೆತನದ್ದು ಮೆಡಿಕಲ್ ಕಾಲೇಜು ಇದೆ, ಅಷ್ಟೇ.

ಕೊರಟಗೆರೆ ಮೇಷ್ಟ್ರು:
ಡಾಕ್ಟರ್ ಅಂದರೆ ಡಾಕ್ಟರೇ. ನಿಮ್ಮ ಹಾಗೆ ಠೇವಣಿ ಕಳಕೊಂಡಿಲ್ಲ.

ತಿಪಟೂರು ಡಾಕ್ಟರ್ ಮನೆಯವರು:
ಗಂಡಸರು ಸೋಲು ಗೆಲುವು ಮಾತಾಡುತ್ತಿದ್ದೀರಿ. ಮನೆ ವಿಷಯ ನಾನು ಹೇಳುತ್ತೇನೆ. ನಮ್ಮ ಯಜಮಾನರು ಕಿವಿ, ಮೂಗು, ಗಂಟಲು ಡಾಕ್ಟರ್. ಒಂದು ನಗರಸಭೆಗೆ ಸದಸ್ಯರಾದರು. ಒಂದು ವಾರ್ಡು ಮಾತ್ರ, ನೆನಪಿರಲಿ. ಮೊದಲು ದಿನಕ್ಕೆ 70 ಜನ ಬರುತ್ತಿದ್ದರು, ಆಮೇಲೂ 70 ಜನವೇ. ಆದರೆ ಕಿವಿ ತೋರಿಸೋರು ಹತ್ತು ಮಂದಿ. ಉಳಿದವರು ಖಾತೆ ಬದಲಾವಣೆ, ಚರಂಡಿ, ರೇಷನ್ ಕಾರ್ಡು. ಅವರ ಹತ್ತಿರ ಫೀಸು ತಗೊಳ್ಳೋ ಹಾಗಿಲ್ಲ. ಕಿವಿ ತೋರಿಸೋ ಹತ್ತು ಜನವೂ "ನಮ್ಮ ಓಟು ನಿಮಗೇ ಸಾರ್" ಅಂತ ಎದ್ದು ಹೋಗುತ್ತಿದ್ದರು.

ಆಪರೇಷನ್ ಮೈಕ್ರೋಸ್ಕೋಪಿಗೆ ಸಾಲ ಮಾಡಿದ್ದೆವು. ತಿಂಗಳಿಗೆ 38,400 ಕಂತು. ಕಿವಿ ಆಪರೇಷನ್ ನಿಂತು ಅದರ ಮೇಲೆ ಬಟ್ಟೆ ಹೊದಿಸಿದ್ದೇ ಬಂತು, ಕಂತು ನಿಲ್ಲಲಿಲ್ಲ. ಒಂದು ದಿನ ಮಗುವಿನ ಕಿವಿ ನೋಡೋಣ ಅಂತ ಓಟೋಸ್ಕೋಪ್ ತೆಗೆದರೆ ಬೆಳಕೇ ಬರಲಿಲ್ಲ. ಬಿಚ್ಚಿದರೆ ಬ್ಯಾಟರಿ ಸೋರಿ ಒಳಗೆಲ್ಲ ಹಸಿರು ಹಿಡಿದಿತ್ತು. ಹೊಸ ಹಿಡಿಕೆಗೆ 4,200. ನನ್ನ ತವರಿನ ಬಳೆ ಅಡ ಇಟ್ಟಿದ್ದು ಬಿಡಿಸಿಕೊಂಡಿದ್ದು ಮೊನ್ನೆ ಮೊನ್ನೆ. ಅವರು ಮಾತ್ರ ಇವತ್ತಿಗೂ ವಾರ್ಡಿನ ಪಾರ್ಕಿನ ಮುಂದೆ ಗಾಡಿ ನಿಲ್ಲಿಸಿ "ಇದು ನಾನು ಮಾಡಿಸಿದ್ದು" ಅಂತಾರೆ. ಇರಲಿ, ಚೆನ್ನಾಗಿಯೇ ಇದೆ ಪಾರ್ಕು.

ಕೋಲಾರ ವಿ.ಆರ್.ಎಸ್.:
ನಿಮ್ಮದು ಖಾಸಗಿ, ಪುಣ್ಯವಂತರು. ನಾನು ಸರ್ಕಾರಿ ಡಾಕ್ಟರ್ ಆಗಿದ್ದೆ. ನೌಕರಿಯಲ್ಲಿದ್ದುಕೊಂಡು ಪಕ್ಷದ ವೇದಿಕೆ ಹತ್ತೋ ಹಾಗಿಲ್ಲ, ಗೊತ್ತಲ್ಲ. 2023ಕ್ಕೆ ಟಿಕೆಟ್ ನಿಮಗೇ ಅಂತ ದೇವರ ಫೋಟೋ ಮುಂದೆ ಮಾತು ಕೊಟ್ಟರು. ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ತಗೊಂಡೆ. ಅದರ ಫೈಲು ಕೋಲಾರದಿಂದ ಬೆಂಗಳೂರಿಗೆ ಹೋಗಿ ಒಂದು ಸಹಿಗೆ ಕಾಯುತ್ತಾ ಕೂತಿತು. ಅಂಗೀಕಾರ ಆಗದೆ ನಾಮಪತ್ರ ಹಾಕಿದರೆ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. ಆದೇಶ ಬಂದ ವಾರದಲ್ಲೇ ಪಟ್ಟಿ ಬಂತು. ನನ್ನ ಹೆಸರಿನ ಜಾಗದಲ್ಲಿ ಲೇಔಟ್ ಮಾಡೋರೊಬ್ಬರು. ಅರ್ಜಿ ಜೊತೆ ಕೊಟ್ಟ ಡಿ.ಡಿ. ವಾಪಸ್ ಬರಲಿಲ್ಲ. ಇನ್ನೂ ನಾಲ್ಕು ಇನ್‌ಕ್ರಿಮೆಂಟು ಬರೋದಿತ್ತು, ಪಿಂಚಣಿಯಲ್ಲಿ ತಿಂಗಳಿಗೆ 11,000ದಷ್ಟು ಕಟ್. ನಾನೇನು ಕಣ್ಣು ಮುಚ್ಚಿ ಹಾರಿದವನಲ್ಲ. ಮಾತು ತಪ್ಪಿದವರು ಅವರು.

ಶ್ರೀನಿವಾಸಪುರ ಮಾವಿನ ತೋಟ:
ಡಾಕ್ಟರುಗಳ ಕಷ್ಟ ಓದಿ ಕಣ್ಣೀರು ಬಂತು. 2017ರ ನವೆಂಬರಿನಲ್ಲಿ ನಮ್ಮ ರಮೇಶ್ ಕುಮಾರ್ ಆರೋಗ್ಯ ಮಂತ್ರಿಯಾಗಿದ್ದಾಗ ಖಾಸಗಿ ಆಸ್ಪತ್ರೆ ಕಾಯ್ದೆಗೆ ತಿದ್ದುಪಡಿ ತಂದರು. ನೀವೆಲ್ಲ ಓ.ಪಿ.ಡಿ. ಮುಚ್ಚಿ ಬೆಳಗಾವಿಗೆ ಹೋಗಿ ಕೂತಿರಿ. ಜ್ವರ ಬಂದ ಅಮ್ಮನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಬಾಗಿಲು ಬಾಗಿಲು ತಿರುಗಿದ್ದು ನನಗೆ ಗೊತ್ತು. ಅಂಥವರು ಓಟು ಕೇಳೋಕೆ ಬಂದರೆ ಯಾಕೆ ಹಾಕಬೇಕು?

ಮಧುಗಿರಿ ಕಡೆ ಸರ್ಜನ್:
ದರ ಜಾಸ್ತಿ ಆಯ್ತು ಅಂತ ಡಾಕ್ಟರನ್ನ ಜೈಲಿಗೆ ಹಾಕ್ತೀವಿ ಅಂದರೆ ಸುಮ್ಮನೆ ಕೂರಬೇಕಿತ್ತಾ? ಮಾವಿಗೆ ಬೆಲೆ ಬಿದ್ದಾಗ ನೀವು ರಸ್ತೆಗೆ ಹಣ್ಣು ಸುರಿಯೋದಿಲ್ವಾ?

ಶ್ರೀನಿವಾಸಪುರ ಮಾವಿನ ತೋಟ:
ಹಣ್ಣು ಸುರಿದರೆ ಯಾರೂ ಸಾಯಲ್ಲ ಸ್ವಾಮಿ.

ಗೌರಿಬಿದನೂರು ಫಿಜಿಷಿಯನ್:
ಎಲ್ಲರಿಗೂ ಧನ್ಯವಾದ. ಆ ಲೈಸೆನ್ಸು, ಸಾಲದ ವಿಷಯ ಯಾರಾದರೂ...

ಚಿಂತಾಮಣಿ ಆಡಿಟರ್:
ಡಾಕ್ಟರ್ ಅಲ್ಲ, ಆದರೂ ಹೇಳುತ್ತೇನೆ. ಸಾಲ ಮನೆಯವರ ಹೆಸರಿಗೆ ಮಾಡಿಸಿ ಏನೂ ಪ್ರಯೋಜನ ಇಲ್ಲ. ನಾಮಪತ್ರದ ಜೊತೆಗಿನ ಅಫಿಡವಿಟ್‌ನಲ್ಲಿ ಗಂಡ ಹೆಂಡತಿ ಇಬ್ಬರ ಆಸ್ತಿ, ಸಾಲ ಎಲ್ಲ ಬರೆಯಬೇಕು, ಅವಲಂಬಿತರದ್ದೂ. ಚುನಾವಣೆ ಖರ್ಚಿಗೆ ಬೇರೆ ಬ್ಯಾಂಕ್ ಖಾತೆ ಬೇಕು, ನಾಮಪತ್ರದ ಹಿಂದಿನ ದಿನದೊಳಗೆ ತೆರೆಯಿರಿ. ಫಲಿತಾಂಶ ಬಂದ 30 ದಿನದಲ್ಲಿ ಲೆಕ್ಕ ಒಪ್ಪಿಸಬೇಕು, ಸೋತವರೂ ಸಹ. ಇಲ್ಲದಿದ್ದರೆ ಮೂರು ವರ್ಷ ಅನರ್ಹ. ನನ್ನ ಕಕ್ಷಿದಾರರೊಬ್ಬರು ಸೋತ ಸಿಟ್ಟಿಗೆ ವೋಚರುಗಳನ್ನು ಒಲೆಗೆ ಹಾಕಿ, ಆಮೇಲೆ ನನ್ನ ಹತ್ತಿರ ಓಡಿ ಬಂದಿದ್ದರು. ಆಸ್ಪತ್ರೆ ಲೈಸೆನ್ಸ್ ವಿಷಯ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲೇ ಕೇಳಿ. ಅಂದ ಹಾಗೆ, ಸರ್ಜನ್ ಸಾಹೇಬ್ರೇ, 2018ರಲ್ಲಿ ಬೊಲೆರೊ ದಿನಕ್ಕೆ 2,500 ಅಂದಿರಲ್ಲ. ಆಗ ನಾನು ಪಾಸ್ ಮಾಡಿದ ವೋಚರೆಲ್ಲ 1,800ರದ್ದು.

ಕುಣಿಗಲ್ ಮೆಡಿಕಲ್ ಸ್ಟೋರ್:
ಹಂಗಾದರೆ ಗಾಡಿಗೆ 700 ಯಾರೋ ತಿಂದಿದ್ದಾರೆ.

ಮಧುಗಿರಿ ಕಡೆ ಸರ್ಜನ್:
ಗಾಡಿ ಗೊತ್ತು ಮಾಡಿದ್ದು ನನ್ನ ಭಾಮೈದ. ಅವನ ಸುದ್ದಿಗೆ ಬರಬೇಡಿ.

ಪಾವಗಡ ಆಯುರ್ವೇದ ಡಾಕ್ಟರ್:
ಆರು ಗಾಡಿ, ಗಾಡಿಗೆ 700. ದಿನಕ್ಕೆ 4,200 ಆಯ್ತಲ್ಲ ಸಾರ್. ಎಷ್ಟು ದಿನ ಓಡಿಸಿದ್ರಿ?